ಬಡಿದದ್ದೂ ಬಡಿಯೇ: ಮನಸು ಮುರಿದ ಪದ್ಯ ಕಲಿಸುವ ಪಾಠ

ತೆಲುಗಿನಲ್ಲಿ ‘ಬಡಿ’ ಎಂದರೆ ಶಾಲೆ. ಕನ್ನಡದಲ್ಲಿ ‘ಬಡಿ’ ಎಂದರೆ ಹೊಡೆ. ಎರಡು ಭಾಷೆಯನ್ನೂ ಆಡುತ್ತಾ ಬೆಳೆದ ರಾಯದುರ್ಗ ಸೀಮೆಯ ನಮ್ಮಂಥವರಿಗೆ ಚಿಕ್ಕಂದಿನಲ್ಲಿ ಈ ಎರಡು ಅರ್ಥಗಳ ನಡುವೆ ದೊಡ್ಡ ಅಂತರವೇನೂ ಕಾಣುತ್ತಿರಲಿಲ್ಲ. ಬಡಿಗೆ ಹೋದ ಮೇಲೆ ಬಡಿತ ಇದ್ದದ್ದೇ. ಈಗ ಐವತ್ತು ದಾಟಿ, ಶೇಂಗಾ ಬೆಳೆಯುತ್ತಾ, ಎರಡು ಭಾಷೆಯಲ್ಲೂ ನಾಲ್ಕು ಸಾಲು ಗೀಚಿಕೊಂಡು ಬಂದ ಮೇಲೆ ಆ ಮಾತಿಗೆ ಇನ್ನೊಂದು ಅರ್ಥ ಹೊಳೆದಿದೆ. ಬರೆಯಲು ಹೊರಟವರಿಗೆ ಬದುಕು ಮೊದಲ ಸಲ ಜೋರಾಗಿ ಬಡಿಯುವುದು ಬಹಳಮಟ್ಟಿಗೆ ಪ್ರೀತಿಯ ವಿಷಯದಲ್ಲಿ. ಆ ಬಡಿತವೇ ಅವರ ಮೊದಲ ಬಡಿ.

ಹೊಸದಾಗಿ ಬರೆಯುವವರ ಯಾವ ನೋಟುಬುಕ್ಕನ್ನಾದರೂ ತೆರೆಯಿರಿ, ಮೊದಲ ನಾಲ್ಕು ಪುಟದೊಳಗೆ ಒಂದು ಮುರಿದ ಮನಸು ಸಿಕ್ಕೇ ಸಿಗುತ್ತದೆ. ಒಲಿದವಳು ಒಲ್ಲೆ ಅಂದಳು. ಜಾತಿ ಅಡ್ಡ ಬಂತು. ಬೇರೆ ಕಡೆ ಕೊಟ್ಟು ಮದುವೆ ಮಾಡಿದರು. ಬೆಂಗಳೂರಿಗೆ ಹೋದವನು ತಿರುಗಿ ನೋಡಲಿಲ್ಲ. ಇದನ್ನೆಲ್ಲ ಓದಿ ದೊಡ್ಡವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಬರವಣಿಗೆ ಕಲಿಯೋದಕ್ಕೆ ಇದಕ್ಕಿಂತ ಕಠಿಣವಾದ ಶಾಲೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಚಂದ್ರಲೋಕದ ಬಗ್ಗೆ ಬರೆದರೆ ಓದುಗ ಒಪ್ಪಿಕೊಂಡುಬಿಡಬಹುದು, ಅವನೇನು ಅಲ್ಲಿಗೆ ಹೋಗಿ ಬಂದವನಲ್ಲ. ಮನಸು ಮುರಿದದ್ದು ಹಂಗಲ್ಲ. ಅದು ಎಲ್ಲರ ಹೊಲದಲ್ಲೂ ಒಂದಲ್ಲ ಒಂದು ವರ್ಷ ಬೆಳೆದ ಬೆಳೆ. ಜೊಳ್ಳು ಯಾವುದು, ಕಾಳು ಯಾವುದು ಅಂತ ಕೇಳುವವರಿಗೆ ಕೂಡಲೇ ಗೊತ್ತಾಗಿಬಿಡುತ್ತದೆ. ಅಲ್ಲಿ ಸುಳ್ಳು ನಡೆಯುವುದಿಲ್ಲ.

ನಗುವ ಮುಂಚೆ ಒಂದು ಮಾತು

ನಮ್ಮ ಗಡಿಯ ಊರುಗಳಲ್ಲಿ ಈ ಮಾತಿಗೆ ಇನ್ನೂ ಒಂದು ತೂಕ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಹಳೆಯ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಮಾತು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಡುಗೆಮನೆಯಲ್ಲಿ, ಕಣದಲ್ಲಿ, ದನದ ಕೊಟ್ಟಿಗೆಯಲ್ಲಿ ಕನ್ನಡ ಹಂಗೇ ಉಳಿಯಿತು. ಆದರೆ ಮನೆಯಲ್ಲಿ ಕನ್ನಡ ಆಡುತ್ತಾ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದುವ ಮಕ್ಕಳು ಇವತ್ತು ಬಹಳ. ಅವರಿಗೆ ಕನ್ನಡ ನಾಲಿಗೆಯಲ್ಲಿದೆ, ಬೆರಳಿನಲ್ಲಿಲ್ಲ.

ಅಂಥ ಹುಡುಗನಿಗೋ ಹುಡುಗಿಗೋ ಪರೀಕ್ಷೆಗಲ್ಲದೆ, ಮೇಷ್ಟ್ರ ಭಯಕ್ಕಲ್ಲದೆ, ತನಗಾಗಿಯೇ ಕನ್ನಡ ಬೇಕಾಗುವ ಮೊದಲ ಗಳಿಗೆ ಯಾವುದು? ಮನಸು ಮುರಿದ ಗಳಿಗೆ. ಲೆಕ್ಕವನ್ನು ಯಾವ ಭಾಷೆಯಲ್ಲಾದರೂ ಮಾಡಬಹುದು, ಅಳೋದು ಮಾತ್ರ ಮನೆಮಾತಿನಲ್ಲಿ. ಆಗ ಬರೆದ ನಾಲ್ಕು ಸಾಲನ್ನು ತೆಲುಗು ಅಕ್ಷರದಲ್ಲಿ ಬರೆದ ಕನ್ನಡವಾಗಿ ನೋಡಿದ್ದೇನೆ, ಎರಡೂ ಕಲೆತ ಭಾಷೆಯಾಗಿ ನೋಡಿದ್ದೇನೆ. “ಲವ್ ಫೇಲ್ಯೂರ್ ಕವಿ ಬಂದ” ಅಂತ ಕಟ್ಟೆಯ ಮೇಲೆ ಕೂತವರು ನಕ್ಕರೆ ಆ ನೋಟುಬುಕ್ಕು ಮುಚ್ಚಿಹೋಗುತ್ತದೆ. ಆ ಊರಿನಲ್ಲಿ ಮತ್ತೆ ಯಾರಾದರೂ ಕನ್ನಡದಲ್ಲಿ ಒಂದು ನೋಟುಬುಕ್ಕು ತೆರೆಯುತ್ತಾರೋ ಇಲ್ಲವೋ, ಯಾರಿಗೆ ಗೊತ್ತು? ಆದ್ದರಿಂದ ನಗುವ ಬದಲು ಕಲಿಸೋಣ. ಕಲಿಸಲಿಕ್ಕೆ ನಮಗಿಂತ ದೊಡ್ಡ ಮೇಷ್ಟ್ರುಗಳು ಎರಡು ಭಾಷೆಯಲ್ಲೂ ಇದ್ದಾರೆ.

ಕಣ್ಣೀರು ಬೇಡ, ಗೋಡೆ ತೋರಿಸು

ಮೊದಲ ಮೇಷ್ಟ್ರು ಬಹಳ ಹಳಬರು. ‘ಗಾಥಾಸಪ್ತಶತಿ’ ಎಂದು ಕರೆಯುವ ಸುಮಾರು ಏಳುನೂರು ಪ್ರಾಕೃತ ಪದ್ಯಗಳ ಸಂಗ್ರಹವನ್ನು ಸಾತವಾಹನ ದೊರೆ ಹಾಲನ ಹೆಸರಿನಲ್ಲಿ ಹೇಳುತ್ತಾರೆ. ಸಾತವಾಹನರು ನಮಗೆ ದೂರದವರಲ್ಲ. ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ ತಾಲ್ಲೂಕಿನ ಮ್ಯಾಕದೋನಿಯಲ್ಲಿ ಪುಲುಮಾವಿ ರಾಜನ ಕಾಲದ ಪ್ರಾಕೃತ ಶಾಸನ ಸಿಕ್ಕಿದೆ. ಅದರಲ್ಲಿ ಈ ಸೀಮೆಗೆ ‘ಸಾತವಾಹನಿಹಾರ’ ಎಂಬ ಹೆಸರಿದೆ. ನಾವು ಉಳುವ ಮಣ್ಣಿಗೆ ಆ ಭಾಷೆಯ ಗುರುತು ಹತ್ತಿದೆ ಅನ್ನಬಹುದು.

ಆ ಗಾಥೆಗಳನ್ನು ಆರಿಸಿ ತೆಲುಗಿಗೆ ತಂದವರೂ ನಮ್ಮ ಕಡೆಯವರೇ. 1893ರಲ್ಲಿ ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಕನ್ನಡದಲ್ಲೂ ಬರೆದರು. ಆಮೇಲೆ ತಿರುಪತಿಗೆ ಹೋಗಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ದುಡಿದರು. ಎರಡು ಭಾಷೆಗಳ ನಡುವೆ ಬದುಕುವವರು ಯಾವುದಕ್ಕೂ ಪೂರ್ತಿ ಸೇರದವರು ಎಂದು ಹೀಗಳೆಯುವವರಿಗೆ ಅವರ ಬದುಕೇ ಉತ್ತರ.

ಈ ಗಾಥೆಗಳಲ್ಲಿ ರಾಜರಾಣಿಯರ ಕಾಟ ಕಡಿಮೆ. ಇರುವವರು ಒಕ್ಕಲಿಗರು, ಬೇಟೆಗಾರರು, ಊರ ಗೌಡನ ಮಗಳು, ದುಡಿಮೆಗೆ ದೂರ ಹೋದವನ ಹೆಂಡತಿ. ಒಂದೊಂದು ಪದ್ಯ ಎರಡೇ ಸಾಲು. ಗಂಡ ಹೋದ ದಿನಗಳನ್ನು ಗೋಡೆಯ ಮೇಲೆ ಗೆರೆ ಎಳೆದು ಎಣಿಸುವ ಹೆಂಗಸೊಬ್ಬಳು ಅದರಲ್ಲಿ ಬರುತ್ತಾಳೆ. ಅವಳು ಅತ್ತಳು ಅಂತ ಕವಿ ಹೇಳುವುದಿಲ್ಲ. ಗೋಡೆ ಎಷ್ಟು ಬೇಗ ತುಂಬಿತು ಅನ್ನೋದನ್ನು ತೋರಿಸಿ ಸುಮ್ಮನಾಗುತ್ತಾನೆ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದದ್ದು ನೆನಪಿದ್ದವರಿಗೆ ಆ ಪದ್ಯ ಎದೆಗೆ ನೇರ ತಾಗುತ್ತದೆ. ಅಳು ಓದುವವನ ಪಾಲಿಗೆ ಬಿಟ್ಟದ್ದು. ಕವಿಯೇ ಅತ್ತು ಮುಗಿಸಿದರೆ ಓದುಗನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಪಕ್ಕದೂರಿನ ಹುಡುಗನೊಬ್ಬ ಒಮ್ಮೆ ಕಣದಲ್ಲಿ ಶೇಂಗಾ ಬಿಡಿಸುವಾಗ ಬಂದು ಒಂದು ಪದ್ಯ ಕೊಟ್ಟ. “ಎಂಗೈತೆ ಮಾವಾ?” ಅಂದ. ಎದೆ ಚೂರಾಗಿತ್ತು, ಕಣ್ಣೀರು ಸಮುದ್ರವಾಗಿತ್ತು, ಚಂದ್ರ ಕಪ್ಪಾಗಿದ್ದ.

“ಕಣ್ಣೀರು ಎಷ್ಟು ಸಲ ಬಂದೈತೆ, ಎಣಿಸಪ್ಪಾ” ಅಂದೆ.

ಎಣಿಸಿದ. ಏಳು ಸಲ.

“ಅದೆಲ್ಲ ಇರಲಿ. ಆವತ್ತು ಏನಾತು, ಅದನ್ನ ಹೇಳು.”

“ಏನೂ ಆಗಲಿಲ್ಲ ಮಾವಾ. ಬಳ್ಳಾರಿ ಬಸ್ಸಿಗೆ ಬರ್ತೀನಿ ಅಂದಿದ್ಲು. ಕಿಟಕಿಯಾಗೆ ಟವಲು ಹಾಕಿ ಇಬ್ಬರಿಗೂ ಸೀಟು ಹಿಡಿದಿದ್ದೆ. ಬರಲಿಲ್ಲ. ಬಸ್ಸು ಹೊಂಟೋತು.”

“ಅದೇ ಪದ್ಯ” ಅಂದೆ. ಎರಡು ವಾರ ಬಿಟ್ಟು ಮೂರು ಸಾಲು ಬರೆದು ತಂದ:

ಇಬ್ಬರ ಜಾಗಕ್ಕೆ ಟವಲು ಹಾಕಿದ್ದೆ.
ಕಂಡಕ್ಟರು ಕೇಳಿದ, ಎಷ್ಟು ಟಿಕೀಟು?
ಟವಲು ಮಡಿಚಿ ಹೆಗಲಿಗೆ ಹಾಕಿಕೊಂಡೆ.

ಇದರಲ್ಲಿ ಕಣ್ಣೀರು ಒಂದು ಸಲವೂ ಇಲ್ಲ. ಚಂದ್ರನೂ ಇಲ್ಲ. ಆದರೂ ಓದಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಸಿನಿಮಾ ಹಾಡಿಗೆ ರಾಗ ಇರುತ್ತದೆ, ಪಿಟೀಲು ಇರುತ್ತದೆ, ನಟನ ಮುಖ ಇರುತ್ತದೆ. ಮಾತು ಸ್ವಲ್ಪ ಸವೆದಿದ್ದರೂ ಅವೆಲ್ಲ ಸೇರಿ ಎತ್ತಿ ನಿಲ್ಲಿಸುತ್ತವೆ. ಕಾಗದದ ಮೇಲಿನ ಪದ್ಯಕ್ಕೆ ಆ ಆಸರೆ ಇಲ್ಲ. ಅದಕ್ಕೆ ಇರುವುದು ಒಂದು ಟವಲು, ಒಂದು ಗೋಡೆ, ಒಂದು ಗೆರೆ. ಅದನ್ನು ಆರಿಸಿ ಇಡುವ ಕಣ್ಣು ಬೇಕು.

ಯಾರಿಗೆ ಹೇಳ್ತಿ?

ಎರಡನೆಯ ಪಾಠ ಅಕ್ಕಮಹಾದೇವಿಯದು. ಶಿವಮೊಗ್ಗ ಸೀಮೆಯ ಉಡುತಡಿಯಿಂದ ಹೊರಟು, ಕಲ್ಯಾಣ ದಾಟಿ, ಈಗಿನ ನಂದ್ಯಾಲ ಜಿಲ್ಲೆಯ ಶ್ರೀಶೈಲಕ್ಕೆ ಹೋದ ಹನ್ನೆರಡನೆಯ ಶತಮಾನದ ಶರಣೆ. ಕನ್ನಡ ಸೀಮೆಯ ಭಕ್ತರು ಇವತ್ತಿಗೂ ಯುಗಾದಿ ಹೊತ್ತಿಗೆ ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತಾರೆ. ಚೆನ್ನಮಲ್ಲಿಕಾರ್ಜುನನ ಅಗಲಿಕೆಯಲ್ಲಿ ಅಕ್ಕ ತನ್ನೊಳಗೆ ತಾನೇ ಕೊರಗುತ್ತಾ ಕೂರುವುದಿಲ್ಲ. ಹಕ್ಕಿಯನ್ನು ಕೇಳುತ್ತಾಳೆ, ತುಂಬಿಯನ್ನು ಕೇಳುತ್ತಾಳೆ, ಕಾಡನ್ನು ಕೇಳುತ್ತಾಳೆ, ಗೆಳತಿಗೆ ಹೇಳುತ್ತಾಳೆ. ಅವಳ ನೋವಿಗೆ ಎದುರಿನಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಹೊಸಬರ ಪದ್ಯ ಸಪ್ಪೆಯಾಗುವುದಕ್ಕೆ ಒಂದು ಕಾರಣ ಅದು ಯಾರಿಗೂ ಹೇಳಿದ ಮಾತಾಗಿಲ್ಲದಿರುವುದು. ಆಕಾಶಕ್ಕೆ ಕೂಗಿದ ಹಾಗಿರುತ್ತದೆ. ‘ಯಾರಿಗೆ ಹೇಳ್ತಿದ್ದೀನಿ?’ ಎಂದು ಕೇಳಿಕೊಂಡರೆ ಮಾತಿನ ದನಿಯೇ ಬದಲಾಗುತ್ತದೆ. ಅಮ್ಮನಿಗೆ ಹೇಳುವಾಗ ಒಂದು ಮಾತು ಮುಚ್ಚಿಡುತ್ತೇವೆ. ಗೆಳೆಯನಿಗೆ ಹೇಳುವಾಗ ಸ್ವಲ್ಪ ಜಂಬ ಕೊಚ್ಚುತ್ತೇವೆ. ಎತ್ತಿಗೆ ಹೇಳುವಾಗ ನಿಜ ಹೇಳುತ್ತೇವೆ.

ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಅವ್ವಂದಿರು ಇದನ್ನು ಯಾವ ಪುಸ್ತಕ ಓದದೆಯೂ ತಿಳಿದಿದ್ದರು. ವಿಜಾಪುರ ಜಿಲ್ಲೆಯ ಗಡಿಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ತವರಿನ ಹಂಬಲ, ಗಂಡನ ಮನೆಯ ಸಂಕಟ, ಬಾರದ ಅಣ್ಣ, ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ. ಬೆಳಗಿನ ಜಾವ ಅತ್ತೆ ಒಳಗೆ ಮಲಗಿರುವಾಗ ಜೋರಾಗಿ ಅಳುವಂತಿಲ್ಲ. ಕಲ್ಲಿಗೆ ಹೇಳಬೇಕು, ಕಾಳಿಗೆ ಹೇಳಬೇಕು. ಕಲ್ಲು ತಿರುಗುವ ಲಯಕ್ಕೆ ಮಾತು ಕೂರಬೇಕು. ಆ ಬಿಗಿಯಿಂದಲೇ ಆ ಪದಗಳಿಗೆ ಅಷ್ಟು ಶಕ್ತಿ ಬಂತು.

ಇನ್ನೊಂದು ವಿಷಯ. ಈ ಸೀಮೆಯಲ್ಲಿ ಹುಡುಗರ ನೋಟುಬುಕ್ಕು ನಮ್ಮ ಕೈಗೆ ಬರುತ್ತದೆ, ಹುಡುಗಿಯರದು ಬರುವುದೇ ಅಪರೂಪ. ದಿಂಬಿನ ಕೆಳಗೇ ಇದ್ದು ಮದುವೆಯ ಹಿಂದಿನ ದಿನ ಒಲೆಗೆ ಹೋಗುತ್ತದೆ. ನೋವನ್ನು ಪದ ಮಾಡುವ ಕೆಲಸವನ್ನು ನಮ್ಮಲ್ಲಿ ಅಷ್ಟು ಚೆನ್ನಾಗಿ ಮಾಡಿದವರು ಹೆಂಗಸರು. ಅವರ ಮೊಮ್ಮಕ್ಕಳ ನೋಟುಬುಕ್ಕು ಒಲೆಗೆ ಹೋಗುವುದು ನಮಗೆ ನಷ್ಟ.

ಅವಳಿಗೂ ಬಾಯಿ ಇದೆ

ಮೂರನೆಯ ಮೇಷ್ಟ್ರು ಕ್ಷೇತ್ರಯ್ಯ. ಹದಿನೇಳನೆಯ ಶತಮಾನದ ತೆಲುಗು ಪದಕಾರ, ಮುವ್ವ ಗೋಪಾಲ ಅವನ ಅಂಕಿತ. ತಂಜಾವೂರಿನ ವಿಜಯರಾಘವ ನಾಯಕನ ಆಸ್ಥಾನದಲ್ಲಿ ಹಾಡಿದವನು. ಅವನ ಪದಗಳನ್ನು ಕಾಪಾಡಿ, ಹಾಡಿ, ಅಭಿನಯಿಸಿ ನಮ್ಮ ಕಾಲದವರೆಗೆ ತಂದವರಲ್ಲಿ ದೇವದಾಸಿ ಮನೆತನಗಳ ಹೆಣ್ಣುಮಕ್ಕಳ ಪಾಲು ದೊಡ್ಡದು.

ಕ್ಷೇತ್ರಯ್ಯನ ಪದಗಳಲ್ಲಿ ಬರೆದವನು ಗಂಡಸು, ಬಹಳ ಸಲ ಮಾತಾಡುವವಳು ಹೆಂಗಸು. ಅವಳು ಬರೀ ಅಳುವವಳಲ್ಲ. ಮಾತು ತಪ್ಪಿದ ಗೋಪಾಲನನ್ನು ಲೆಕ್ಕ ಕೇಳುತ್ತಾಳೆ, ಕೊಂಕು ನುಡಿಯುತ್ತಾಳೆ, ಸಖಿಯ ಹತ್ತಿರ ಗುಟ್ಟು ಹೇಳುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ, ಬಾಗಿಲ ಹಿಂದೆ ನಿಂತೂ ಇರುತ್ತಾಳೆ. ಒಂದೇ ನೋವಿನೊಳಗೆ ಸಿಟ್ಟು, ನಗು, ಆಸೆ, ಮಾನ ಎಲ್ಲ ಕಲೆತಿವೆ.

ಇಲ್ಲಿ ಬರೀ ಕಲೆಯ ಮಾತಲ್ಲ, ನ್ಯಾಯದ ಮಾತೂ ಇದೆ. ಹಿಂದೆ ಕೆಟ್ಟ ಪದ್ಯ ನೋಟುಬುಕ್ಕಿನಲ್ಲೇ ಹಳದಿಯಾಗುತ್ತಿತ್ತು. ಈಗ ಬರೆದ ಅರ್ಧ ಗಳಿಗೆಯಲ್ಲಿ ವಾಟ್ಸಾಪ್ ಸ್ಟೇಟಸ್ಸಿಗೆ ಹೋಗುತ್ತದೆ. ‘ಮೋಸಗಾತಿ’ ಎಂದು ಬರೆದು, ಹೆಸರಿನ ಮೊದಲ ಅಕ್ಷರ ಹಾಕಿಬಿಟ್ಟರೆ ಎರಡು ಸಾವಿರ ಜನರ ಊರಿನಲ್ಲಿ ಅದು ಯಾರೆಂದು ಎಲ್ಲರಿಗೂ ಗೊತ್ತು. ಅವನಿಗೆ ಅದು ಪದ್ಯ. ಅವಳಿಗೆ ಅದು ಕಾಲೇಜು ಬಿಡುವ ಕಾರಣ, ಮನೆಯವರ ಏಟು, ಸಿಕ್ಕವನಿಗೆ ಕೊಟ್ಟು ಕೈತೊಳೆದುಕೊಳ್ಳುವ ಮದುವೆ. ಒಲ್ಲೆ ಎನ್ನುವ ಹಕ್ಕು ಅವಳಿಗಿತ್ತು ಅನ್ನೋದನ್ನು ಒಪ್ಪದವನು ಬರೆಯೋದು ವಿರಹದ ಪದ್ಯ ಅಲ್ಲ, ಫಿರ್ಯಾದು. ಫಿರ್ಯಾದಿಗೆ ಬೇರೆ ಜಾಗ ಇದೆ.

ಅಂಥ ಹುಡುಗರಿಗೆ ನಾನು ಹೇಳುವುದು ಇಷ್ಟೆ: “ಇದೇ ಕಥೀನ ಆಕಿ ಕಡೆಯಿಂದ ಒಂದು ಪದ್ಯ ಬರಿ. ಅದಾದ ಮೇಲೆ ನಿಂದು ತಗಂಡು ಬಾ.” ಬರೆದವರಲ್ಲಿ ಕೆಲವರು ಮೊದಲ ಪದ್ಯವನ್ನು ತಾವೇ ಹರಿದುಹಾಕಿದ್ದಾರೆ. ಬರಹಗಾರನಾಗುವುದು ಅಂದರೆ ಇನ್ನೊಬ್ಬರ ಒಳಗೆ ಹೋಗಿ ನಿಲ್ಲುವುದು. ನಮ್ಮನ್ನು ನೋಯಿಸಿದವರ ಒಳಗೆ ಹೋಗಿ ನಿಲ್ಲುವುದು ಎಲ್ಲಕ್ಕಿಂತ ಕಷ್ಟ. ಅದನ್ನು ಮಾಡಿದವನು ಮುಂದೆ ಕಥೆ ಬರೆದಾನು, ನಾಟಕ ಬರೆದಾನು.

ನೋವಿಗೆ ಎಷ್ಟು ಹೆಸರು

ನಾಲ್ಕನೆಯದು ಮಾತಿನ ಪಾಠ. ಹೊಸಬರ ಪದ್ಯದಲ್ಲಿ ಎಲ್ಲಾ ನೋವಿಗೂ ‘ನೋವು’ ಒಂದೇ ಪದ. ನಮ್ಮ ಹಳ್ಳಿಯಲ್ಲಿ ಮಳೆಗೇ ಎಷ್ಟು ಹೆಸರಿವೆ ನೋಡಿ: ಹನಿ, ತುಂತುರು, ಜಡಿ, ಸೋನೆ, ಹದಮಳೆ. ಯಾವುದಕ್ಕೆ ಬಿತ್ತಬೇಕು, ಯಾವುದಕ್ಕೆ ಕಾಯಬೇಕು ಅಂತ ಆ ಹೆಸರಿನಲ್ಲೇ ಇದೆ. ಮನಸಿಗೂ ಹಂಗೇ. ದೂರ ಇದ್ದದ್ದು ಬೇಕು ಅನ್ನೋದು ಹಂಬಲ. ಒಳಗೊಳಗೇ ತಿನ್ನೋದು ಕೊರಗು. ಹೊರಗೆ ಬಂದದ್ದು ಅಳಲು. ಮುಖ ಬಾಡಿಸೋದು ದುಗುಡ. ಮಾತು ಬಿಡಿಸೋದು ಮುನಿಸು. ತೆಲುಗಿನಲ್ಲಿ ‘ಬೆಂಗ’ ಎಂಬ ಪದ ಇದೆ. ಅಮ್ಮ ಊರಿಗೆ ಹೋದಾಗ ಮಗು ಊಟ ಬಿಟ್ಟು ಬಾಡುತ್ತದಲ್ಲ, ಅದು ಬೆಂಗ. ಪ್ರೀತಿಯ ಮುನಿಸಿಗೆ ‘ಅಲುಕ’, ಅಗಲಿಕೆಗೆ ‘ಎಡಬಾಟು’. ನಮ್ಮ ಗಡಿಯ ಹುಡುಗರ ಕೈಯಲ್ಲಿ ಎರಡು ಕಣಜ ಇವೆ. ಎರಡರಿಂದಲೂ ಕಾಳು ತೆಗೆಯಬಹುದು. ತನಗಾದದ್ದು ಇವುಗಳಲ್ಲಿ ಯಾವುದು ಅಂತ ಒಂದು ಗಳಿಗೆ ಕೂತು ಯೋಚಿಸಿದರೆ ಅರ್ಧ ಪದ್ಯ ಆದ ಹಾಗೆ.

ಆ ಪದಗಳೂ ಆಡುಮಾತಿನವಾದರೆ ಇನ್ನೂ ಒಳ್ಳೆಯದು. ಬೇಂದ್ರೆಯವರು ಸಾವಿನ ಮುಂದೆ ನಿಂತ ಮಗುವಿನ ತಂದೆತಾಯಿಯ ಸಂಕಟವನ್ನು ಬರೆದಾಗ ಗ್ರಂಥದ ಭಾಷೆಗೆ ಹೋಗಲಿಲ್ಲ. ಗಂಡ ಹೆಂಡತಿಗೆ ಧಾರವಾಡದ ಮನೆಮಾತಿನಲ್ಲಿ ಆಡಿದ ಮಾತನ್ನೇ ಪದ್ಯ ಮಾಡಿದರು. ತೆಲುಗಿನ ನಂಡೂರಿ ಸುಬ್ಬಾರಾವು ಅವರು ‘ಎಂಕಿ ಪಾಟಲು’ ಬರೆದಾಗ ಎಂಕಿ, ನಾಯುಡುಬಾವರ ಒಲವು ಅಗಲಿಕೆಗಳನ್ನು ಹಳ್ಳಿಯ ತೆಲುಗಿನಲ್ಲೇ ಹಾಡಿದರು. ‘ನಮ್ಮ ರಾಯದುರ್ಗದ ಕನ್ನಡ ಅಶುದ್ಧ, ಅದರಲ್ಲಿ ಬರೆದರೆ ಪತ್ರಿಕೆಯವರು ಹಾಕೋದಿಲ್ಲ’ ಅಂತ ಹಿಂಜರಿಯುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು. ಅಳುವ ಬಾಯಿ ವ್ಯಾಕರಣ ನೋಡಿಕೊಂಡು ಅಳುವುದಿಲ್ಲ. ಅಕ್ಷರ ತಪ್ಪಿದ್ದರೆ ತಿದ್ದೋಣ, ದನಿಯನ್ನು ತಿದ್ದುವುದು ಬೇಡ.

ಕಾಯಿ ಒಣಗಲಿ

ಶೇಂಗಾ ಕಿತ್ತ ದಿನವೇ ಚೀಲಕ್ಕೆ ತುಂಬಿದರೆ ಬೂಜು ಹಿಡಿಯುತ್ತದೆ. ಬಿಸಿಲಿಗೆ ಹರವಿ, ತಿರುವಿ ಹಾಕಿ, ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಕಾಳು ಗಲಗಲ ಅಂದರೆ ಒಣಗಿದೆ ಎಂದು ಅರ್ಥ. ಸಿಪ್ಪೆಗೆ ಅಂಟಿಕೊಂಡಿದ್ದು ಕಾಳು ಅದನ್ನು ಬಿಟ್ಟು ನಿಂತಿರುತ್ತದೆ.

ಪದ್ಯವೂ ಹಂಗೇ. ಆವತ್ತಿನ ರಾತ್ರಿ ಬರೆದದ್ದು ಹಸಿಕಾಯಿ. ಬರೆಯಬೇಡಿ ಅಂತಲ್ಲ, ಬರೆಯಿರಿ. ಮೂರು ತಿಂಗಳು ಮುಚ್ಚಿಡಿ. ಆಮೇಲೆ ತೆಗೆದು ಬೇರೆಯವರು ಬರೆದದ್ದೇನೋ ಎನ್ನುವ ಹಾಗೆ ಓದಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ ಕವಿಗಳಿಗೇ ಹೇಳಿ ಮಾಡಿಸಿದ್ದು. ಮೂರು ತಿಂಗಳಲ್ಲಿ ಆ ಮುದ್ದು ಸ್ವಲ್ಪ ಇಳಿದಿರುತ್ತದೆ, ಹೆಗ್ಗಣ ಹೆಗ್ಗಣದ ಹಾಗೇ ಕಾಣುತ್ತದೆ.

ಒಣಗಿದ್ದನ್ನು ಅಳೆಯಲು ಒಂದು ಸೇರೂ ಬೇಕು. ಗಾಥೆಗೆ ಎರಡು ಸಾಲು, ತ್ರಿಪದಿಗೆ ಮೂರು. ಆದೋನಿಯ ಆಚೆ ರಾಯಚೂರು ಸೀಮೆಯ ಹೆಂಬೆರಾಳಿನ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಗಜಲಿನಲ್ಲಿ ಒಂದೊಂದು ಜೋಡಿಸಾಲೂ ತಾನೇ ಒಂದು ಪದ್ಯದ ಹಾಗೆ ನಿಲ್ಲಬೇಕು, ಸಾಲಿನ ಕೊನೆಯಲ್ಲಿ ಅದೇ ಪದ ಮರಳಿ ಬರಬೇಕು, ಅದರ ಹಿಂದೆ ಪ್ರಾಸ ಕೂರಬೇಕು. ಇಷ್ಟೆಲ್ಲ ಕಟ್ಟು ಯಾಕೆ ಅಂತ ಹುಡುಗರು ಕೇಳುತ್ತಾರೆ. ಬದು ಹಾಕದ ಹೊಲದಲ್ಲಿ ದೊಡ್ಡ ಮಳೆ ಬಂದರೆ ನೀರೂ ನಿಲ್ಲುವುದಿಲ್ಲ, ಮಣ್ಣೂ ಕೊಚ್ಚಿಹೋಗುತ್ತದೆ. ದೊಡ್ಡ ನೋವಿಗೆ ಗಟ್ಟಿ ಬದು ಬೇಕು.

ಇಲ್ಲೇ ಒಂದು ಎಚ್ಚರಿಕೆಯ ಮಾತು. ಪದ್ಯಕ್ಕೆ ಅದರದೇ ಮಿತಿ ಇದೆ. ಯಾವ ಹುಡುಗನ, ಹುಡುಗಿಯ ಸಾಲುಗಳಲ್ಲಿ ಸಾಯುವ ಮಾತು ಮತ್ತೆ ಮತ್ತೆ ಬರುತ್ತದೋ ಅವರ ಪದ್ಯ ತಿದ್ದುತ್ತಾ ಕೂರಬೇಡಿ. ಪಕ್ಕದಲ್ಲಿ ಕೂತು ಊಟ ಮಾಡಿಸಿ, ಮನೆಯವರಿಗೆ ತಿಳಿಸಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಬೆಳೆಗೆ ಹೊಡೆಯುವ ಔಷಧಿ ಡಬ್ಬಿ ಮನೆಮನೆಯಲ್ಲೂ ಇರುವ ಸೀಮೆ ನಮ್ಮದು. ಕವಿ ಬದುಕಿದ್ದರೆ ಪದ್ಯ ಆಮೇಲೆ ಆದೀತು.

ನನ್ನ ನೋವಿನಿಂದ ನಮ್ಮ ನೋವಿಗೆ

ಕೊನೆಯ ಪಾಠ ಎಲ್ಲಕ್ಕಿಂತ ದೊಡ್ಡದು. ಮುರಿದ ಮನಸಿನ ಶಾಲೆಯಲ್ಲಿ ಸೇರಬೇಕು, ಪಾಸಾಗಿ ಹೊರಗೂ ಬರಬೇಕು. ಅಲ್ಲೇ ಕೂತರೆ ಕಷ್ಟ. ತೆಲುಗಿನಲ್ಲಿ ದೇವುಲಪಲ್ಲಿ ಕೃಷ್ಣಶಾಸ್ತ್ರಿಗಳ ‘ಕೃಷ್ಣಪಕ್ಷಮು’ 1925ರಲ್ಲಿ ಬಂದಾಗ ಆ ದುಃಖದ ಮಾಧುರ್ಯಕ್ಕೆ ಒಂದು ತಲೆಮಾರೇ ಮರುಳಾಯಿತು. ಅವರದು ನಿಜವಾದ ದನಿ. ಆದರೆ ಅವರನ್ನು ಅನುಕರಿಸಿದವರು ಇಲ್ಲದ ಊರ್ವಶಿಗಾಗಿ ಅಳತೊಡಗಿದಾಗ ಜನ ತಮಾಷೆ ಮಾಡಿದರು. ಅದೇ ಗಾಳಿಯಲ್ಲಿ ಬರೆಯಲು ಶುರುಮಾಡಿದ ಶ್ರೀಶ್ರೀಯವರು ಆಮೇಲೆ ದಾರಿ ಬದಲಿಸಿದರು. 1950ರಲ್ಲಿ ಪುಸ್ತಕವಾದ ‘ಮಹಾಪ್ರಸ್ಥಾನಂ’ನಲ್ಲಿ ಭಿಕ್ಷುಕಿ, ಕೂಲಿ, ಕೆಲಸವಿಲ್ಲದವರು ಬಂದು ನಿಂತರು. ಆದರೆ ಆ ಪದ್ಯಗಳ ಲಯ, ಹಾಡುವ ಗುಣ ಎಲ್ಲಿಂದ ಬಂದವು? ಹಳೆಯ ಬಡಿಯಲ್ಲಿ ಪಳಗಿದ ಕಿವಿಯಿಂದ ಬಂದವು ಅಂತ ನನಗೆ ಅನ್ನಿಸುತ್ತದೆ.

ಇನ್ನೂ ಸ್ಪಷ್ಟವಾದ ಉದಾಹರಣೆ ಗುರ್ರಂ ಜಾಷುವಾ ಅವರದು. ಕಾಳಿದಾಸನ ‘ಮೇಘದೂತ’ದಲ್ಲಿ ಒಂದು ವರ್ಷದ ಶಾಪಕ್ಕೆ ಸಿಕ್ಕಿದ ಯಕ್ಷ ರಾಮಗಿರಿಯಲ್ಲಿ ನಿಂತು ದೂರದ ಹೆಂಡತಿಗೆ ಮೋಡದ ಕೈಲಿ ಸಂದೇಶ ಕಳಿಸುತ್ತಾನೆ. ವಿರಹ ಕಾವ್ಯದ ದೊಡ್ಡ ಅಚ್ಚು ಅದು. ಜಾಷುವಾ 1941ರ ‘ಗಬ್ಬಿಲಂ’ ಕಾವ್ಯದಲ್ಲಿ ಅದೇ ಅಚ್ಚನ್ನು ತೆಗೆದುಕೊಂಡರು. ಸಂದೇಶ ಕಳಿಸುವವನು ಇಲ್ಲಿ ಯಕ್ಷನಲ್ಲ, ಅಸ್ಪೃಶ್ಯನೆಂದು ದೂರ ಇಟ್ಟ ಒಬ್ಬ ಬಡವ. ದೂತ ಮೋಡವಲ್ಲ, ಬಾವಲಿ. ಗುಡಿಯೊಳಗೆ ಅವನಿಗೆ ಪ್ರವೇಶ ಇಲ್ಲ, ಬಾವಲಿಗೆ ಇದೆ. ಅವನು ಸಂದೇಶ ಕಳಿಸುವುದು ನಲ್ಲೆಗಲ್ಲ, ಕಾಶಿಯ ಶಿವನಿಗೆ. ಒಬ್ಬ ಪ್ರೇಮಿಯ ಅಗಲಿಕೆಗೆ ಮಾಡಿದ ಪಾತ್ರೆಯಲ್ಲಿ ಒಂದು ಸಮುದಾಯದ ಶತಮಾನಗಳ ನೋವು ಹಿಡಿಯಿತು. ವಿರಹ ಕಾವ್ಯ ಗೊತ್ತಿಲ್ಲದವನಿಗೆ ‘ಗಬ್ಬಿಲಂ’ ಬರೆಯಲು ಆಗುತ್ತಿರಲಿಲ್ಲ. ಬರೀ ವಿರಹದಲ್ಲೇ ನಿಂತವನಿಗೂ ಆಗುತ್ತಿರಲಿಲ್ಲ.

ನಮ್ಮ ಸೀಮೆಗೆ ಇದನ್ನು ಹೊಂದಿಸಿ ನೋಡಿ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಬೆಂಗಳೂರಿನ ಕಡೆ ಗುಳೆ ಹೋಗುತ್ತದೆ. ಮುದುಕರು, ಮಕ್ಕಳು, ಬೀಗ ಹಾಕಿದ ಬಾಗಿಲು ಉಳಿಯುತ್ತವೆ. ಗಾಥೆಯ ಪಥಿಕನ ಹೆಂಡತಿ ಗೋಡೆಯ ಮೇಲೆ ಗೆರೆ ಎಳೆದಳು. ನಮ್ಮ ಹೆಂಗಸು ಫೋನಿನಲ್ಲಿ ರೀಚಾರ್ಜು ಮುಗಿಯುವ ದಿನ ಎಣಿಸುತ್ತಾಳೆ. ಈ ಅಗಲಿಕೆಯನ್ನು ಇಲ್ಲೇ ಹುಟ್ಟಿದವರಲ್ಲದೆ ಬೇರೆ ಯಾರು ಬರೆಯಬೇಕು? ಬಸ್ಸಿನ ಸೀಟಿನ ಮೇಲಿನ ಟವಲನ್ನು ನೋಡಲು ಕಲಿತ ಹುಡುಗನೇ ನಾಳೆ ಬೀಗ ಹಾಕಿದ ಬಾಗಿಲನ್ನೂ ನೋಡಿಯಾನು. ತಾನು ಕಳೆದುಕೊಂಡದ್ದನ್ನು ಸರಿಯಾಗಿ ಹೇಳಲು ಬಂದವನಿಗೆ ಊರು ಕಳೆದುಕೊಂಡದ್ದನ್ನು ಹೇಳಲೂ ಬರುತ್ತದೆ.

ಗಡಿಯ ಊರುಗಳ ಮೇಷ್ಟ್ರುಗಳಲ್ಲಿ, ಗ್ರಂಥಾಲಯ ನೋಡಿಕೊಳ್ಳುವವರಲ್ಲಿ, ಕನ್ನಡ ಸಂಘ ಕಟ್ಟಿದ ಹಿರಿಯರಲ್ಲಿ ನನ್ನದೊಂದು ವಿನಂತಿ. ರಾಜ್ಯೋತ್ಸವದ ಕವಿಗೋಷ್ಠಿಗೆ ನಾಡುನುಡಿಯ ಪದ್ಯವನ್ನೇ ತರಬೇಕೆಂದು ಮಕ್ಕಳಿಗೆ ಹೇಳುತ್ತೇವೆ. ಎಲ್ಲರೂ ಒಂದೇ ಹಾರ ಹಾಕಿದ ಒಂದೇ ಪದ್ಯ ತರುತ್ತಾರೆ. ಒಂದು ವರ್ಷ ಅದನ್ನು ಬಿಟ್ಟು, “ನಿಮ್ಮ ಮನಸು ನೊಂದ ಒಂದು ದಿನದ ಬಗ್ಗೆ, ‘ನೋವು’, ‘ಕಣ್ಣೀರು’ ಎರಡೂ ಪದ ಇಲ್ಲದೆ ಎಂಟು ಸಾಲು ಬರಕೊಂಡು ಬನ್ನಿ” ಅನ್ನಿ. ಯಾವ ಲಿಪಿಯಲ್ಲಾದರೂ ಇರಲಿ, ಹೆಸರು ಹಾಕದೆ ಇರಲಿ, ಹುಡುಗಿಯರದ್ದನ್ನು ಬೇರೆಯವರು ಓದಿ ಹೇಳಲಿ. ಕನ್ನಡ ಅಕ್ಷರ ಬಾರದವರಿಗೆ ಆ ಎಂಟು ಸಾಲಿನ ನೆಪದಲ್ಲೇ ಅಕ್ಷರ ಕಲಿಸಿ. ತನ್ನ ಪದ್ಯವನ್ನು ತಾನೇ ಬರೆದುಕೊಳ್ಳುವ ಆಸೆಗೆ ಕಲಿತವನು ಬೇಗ ಕಲಿಯುತ್ತಾನೆ. ಕಲಿತದ್ದನ್ನು ಬಿಡುವುದೂ ಇಲ್ಲ.